ಮತ್ತೆ ಯೋಚಿಸುವುದಕ್ಕೆ ಇಂಗ್ಲಿಷಿನ ಕ್ರಿಯಾಪದಗಳು: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ಒಂದೇ ವಿಷಯಕ್ಕೆ ಸೇರಿದವು. ಈಗಾಗಲೇ ತಳೆದ ಅಭಿಪ್ರಾಯವನ್ನೋ, ಕೈಗೊಂಡ ನಿರ್ಧಾರವನ್ನೋ, ಆಡಿದ ಮಾತನ್ನೋ ಮತ್ತೆ ಯೋಚಿಸಿ ನೋಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದಗಳಿವೆ, ಅವನ್ನು ಹೇಗೆ ಬಳಸಬೇಕು ಎಂದು ಓದುಗರು ಕೇಳಿದ್ದಾರೆ. ಇಂಗ್ಲಿಷ್ ಪದಗಳನ್ನೂ ವಾಕ್ಯಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ.

ಪ್ರಶ್ನೆ: ನಾನು ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ಅನುವಾದಿಸುತ್ತೇನೆ. ರೀಕನ್ಸಿಡರ್, ರೀಥಿಂಕ್, ರಿವ್ಯೂ, ರಿವೈಸ್, ರೀಅಸೆಸ್, ರೀವಿಸಿಟ್ ಎಂಬ ಆರಕ್ಕೂ ‘ಮರುಪರಿಶೀಲಿಸು’ ಎಂದೇ ಬರೆದುಬಿಡುತ್ತೇನೆ. ಇವುಗಳ ನಡುವೆ ನಿಜವಾದ ವ್ಯತ್ಯಾಸವಿದೆಯೇ, ಅಥವಾ ಒಂದೇ ಪದ ಮತ್ತೆ ಮತ್ತೆ ಬರಬಾರದೆಂದು ಬರಹಗಾರರು ಬದಲಾಯಿಸುತ್ತಾರೆಯೇ?

ಉತ್ತರ: ವ್ಯತ್ಯಾಸವಿದೆ, ಮತ್ತು ಅದು ಅನುವಾದದಲ್ಲಿ ಕಳೆದುಹೋದರೆ ಮೂಲದ ವಾದವೇ ಮಸುಕಾಗುತ್ತದೆ. ಇಂತಹ ಕ್ರಿಯಾಪದ ಎದುರಾದಾಗ ಎರಡು ವಿಚಾರಗಳನ್ನು ಗಮನಿಸಬೇಕೆಂಬುದು ನನ್ನ ಸಲಹೆ. ಯೋಚನೆ ಎಲ್ಲಿಯವರೆಗೆ ಸಾಗಿದೆ, ಅಂದರೆ ಹಳೆಯದನ್ನು ತೆರೆದು ನೋಡಿದ್ದು ಮಾತ್ರವೇ, ತೂಗಿಯೂ ಆಯಿತೇ, ಅಥವಾ ಬದಲಾಯಿಸಿಯೂ ಆಯಿತೇ ಎಂಬುದು ಮೊದಲನೆಯದು. ಆ ಕ್ರಿಯಾಪದಕ್ಕೆ ಕರ್ಮವಾಗಿ ಏನು ಬಂದಿದೆ ಎಂಬುದು ಎರಡನೆಯದು. ಇಂಗ್ಲಿಷಿನಲ್ಲಿ ಈ ಗುಂಪಿನ ಪ್ರತಿಯೊಂದು ಪದವೂ ತನಗೆ ಒಪ್ಪುವ ಕರ್ಮಪದವನ್ನು ಹುಡುಕಿಕೊಂಡೇ ಬರುತ್ತದೆ.

ರಿವ್ಯೂ ಎಂಬಲ್ಲಿ ಬದಲಾವಣೆಯ ಸೂಚನೆಯೇ ಇಲ್ಲ. ಒಂದು ನೀತಿಯನ್ನೋ ಕಡತವನ್ನೋ ಸಾಕ್ಷ್ಯವನ್ನೋ ಕ್ರಮವಾಗಿ ನೋಡಿದ್ದಾಯಿತು ಎಂದಷ್ಟೇ ಅದು ಹೇಳುತ್ತದೆ. ನೋಡಿದ ಮೇಲೆ ಎಲ್ಲವೂ ಮೊದಲಿನಂತೆಯೇ ಉಳಿಯಬಹುದು. ಸಂಸ್ಥೆಗಳು ಈ ಪದವನ್ನು ಇಷ್ಟಪಡುವುದೂ ಅದಕ್ಕಾಗಿಯೇ, ಏಕೆಂದರೆ ‘ಅಂಡರ್ ರಿವ್ಯೂ’ ಎಂದರೆ ಯಾವ ಭರವಸೆಯನ್ನೂ ಕೊಟ್ಟಂತಾಗುವುದಿಲ್ಲ. ಕನ್ನಡದ ‘ಪರಿಶೀಲಿಸು’ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ರೀಎಕ್ಸಾಮಿನ್ ಎಂಬುದೂ ಹತ್ತಿರದ ಪದವೇ, ಆದರೆ ಅದು ಸಾಕ್ಷ್ಯವನ್ನು ಅಥವಾ ನಾವು ಪ್ರಶ್ನಿಸದೆ ಒಪ್ಪಿಕೊಂಡಿರುವ ಗ್ರಹಿಕೆಗಳನ್ನು ಇನ್ನಷ್ಟು ಹತ್ತಿರದಿಂದ ನೋಡುವುದನ್ನು ಹೇಳುತ್ತದೆ.

ರೀವಿಸಿಟ್ ಎಂಬುದರಲ್ಲಿ ಕಾಲದ ಅಂತರ ಇರಲೇಬೇಕು. ಬೆಳಿಗ್ಗೆ ಚರ್ಚಿಸಿದ್ದನ್ನು ಮಧ್ಯಾಹ್ನ ರೀವಿಸಿಟ್ ಮಾಡುವುದು ವಿರಳ. ಮುಗಿಯಿತೆಂದು ಬದಿಗಿಟ್ಟ ಪ್ರಶ್ನೆಗೆ ಬಹಳ ದಿನಗಳ ಮೇಲೆ ಮರಳುವುದು ಅದರ ಸಹಜ ಬಳಕೆ. ಭೌತವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ಒಪ್ಪವಾದ ಉದಾಹರಣೆ ಸಿಗುತ್ತದೆ. ವಿಶ್ವ ಹಿಗ್ಗದೆ ಕುಗ್ಗದೆ ಸ್ಥಿರವಾಗಿದೆ ಎಂದು ತೋರಿಸಲು ಐನ್‌ಸ್ಟೈನ್ 1917ರಲ್ಲಿ ತಮ್ಮ ಸಮೀಕರಣಗಳಿಗೆ ವಿಶ್ವಸ್ಥಿರಾಂಕವೆಂಬ ಪದವೊಂದನ್ನು ಸೇರಿಸಿದರು. ವಿಶ್ವ ಹಿಗ್ಗುತ್ತಿದೆ ಎಂಬುದಕ್ಕೆ 1929ರಲ್ಲಿ ಖಗೋಳವಿಜ್ಞಾನಿ ಹಬಲ್ ಅವರ ಅವಲೋಕನಗಳು ಆಧಾರ ಒದಗಿಸಿದ ಮೇಲೆ, 1931ರಲ್ಲಿ ಅದನ್ನು ಕೈಬಿಟ್ಟರು. ದೂರದ ಸೂಪರ್‌ನೋವಾಗಳನ್ನು, ಅಂದರೆ ಸ್ಫೋಟಗೊಳ್ಳುವ ನಕ್ಷತ್ರಗಳನ್ನು, ಗಮನಿಸಿದ ಎರಡು ತಂಡಗಳು ಈ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ತಿಳಿಸಿದಾಗ ಭೌತವಿಜ್ಞಾನಿಗಳು ಆ ಸ್ಥಿರಾಂಕಕ್ಕೆ ಮರಳಿದರು. ಇಂಗ್ಲಿಷಿನಲ್ಲಿ ಐನ್‌ಸ್ಟೈನ್ ಮಾಡಿದ್ದನ್ನು ‘ಅಬ್ಯಾಂಡನ್ಡ್’ ಅಥವಾ ‘ಡ್ರಾಪ್ಡ್’ ಎನ್ನುತ್ತಾರೆ, 1998ರ ನಂತರ ನಡೆದುದನ್ನು ‘ರೀವಿಸಿಟೆಡ್’ ಎನ್ನುತ್ತಾರೆ. ಎರಡಕ್ಕೂ ‘ಮರುಪರಿಶೀಲಿಸಿದರು’ ಎಂದು ಬರೆದರೆ ಕಥೆಯ ತಿರುವುಗಳೆರಡೂ ಅಳಿಸಿಹೋಗುತ್ತವೆ. ಮೊದಲನೆಯದಕ್ಕೆ ‘ಕೈಬಿಟ್ಟರು’, ಎರಡನೆಯದಕ್ಕೆ ‘ಮತ್ತೆ ಕೈಗೆತ್ತಿಕೊಂಡರು’ ಎಂದಾಗ ಓದುಗರಿಗೆ ಆಗಿದ್ದೇನೆಂದು ತಿಳಿಯುತ್ತದೆ.

ರೀಕನ್ಸಿಡರ್ ಎಂಬುದಕ್ಕೆ ಸಹಜವಾಗಿ ಬರುವ ಕರ್ಮ ನಿರ್ಧಾರ, ನಿಲುವು, ತಿರಸ್ಕರಿಸಿದ ಕೊಡುಗೆ, ಸಲ್ಲಿಸಿದ ರಾಜೀನಾಮೆ ಇಂಥವು. ನಿಘಂಟಿನ ಪ್ರಕಾರ ಅದು ತೂಗಿ ನೋಡುವುದನ್ನು ಮಾತ್ರ ಹೇಳುತ್ತದೆ, ಆದರೆ ಬಳಕೆಯಲ್ಲಿ ಬದಲಾವಣೆಯ ನಿರೀಕ್ಷೆ ಅದಕ್ಕೆ ಅಂಟಿಕೊಂಡೇ ಬರುತ್ತದೆ. ‘ಐ ಆಮ್ ರೀಕನ್ಸಿಡರಿಂಗ್’ ಎಂದರೆ ಇನ್ನೂ ತೀರ್ಮಾನವಾಗಿಲ್ಲ. ‘ಐ ಹ್ಯಾವ್ ರೀಕನ್ಸಿಡರ್ಡ್’ ಎಂದೊಡನೆ ಮನಸ್ಸು ಬದಲಾಯಿತೆಂದೇ ಕೇಳುವವರು ಭಾವಿಸುತ್ತಾರೆ, ಮತ್ತು ಬದಲಾಗಿಲ್ಲವಾದರೆ ‘ಬಟ್ ಮೈ ಆನ್ಸರ್ ಈಸ್ ಸ್ಟಿಲ್ ನೋ’ ಎಂದು ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ‘ವಿ ಹ್ಯಾವ್ ರಿವ್ಯೂಡ್ ಯುವರ್ ಅಪ್ಲಿಕೇಷನ್’ ಎಂಬ ವಾಕ್ಯದಿಂದ ಇಂಥ ಊಹೆ ಹುಟ್ಟುವುದಿಲ್ಲ. ಕ್ರಿಯಾಪದದ ಕಾಲರೂಪ ಬದಲಾದಾಗ ಧ್ವನಿತಾರ್ಥವೂ ಬದಲಾಗುವ ಈ ಸೂಕ್ಷ್ಮವನ್ನು ವ್ಯಾಕರಣ ಪುಸ್ತಕಗಳು ಸಾಕಷ್ಟು ವಿವರಿಸುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ರೀಅಸೆಸ್ ಮತ್ತು ರೀಇವ್ಯಾಲ್ಯುಯೇಟ್ ಪದಗಳು ಬೆಲೆಕಟ್ಟುವ ಪದಗಳು. ಪರಿಸ್ಥಿತಿ ಬದಲಾದುದರಿಂದ ಅಪಾಯವನ್ನೋ ಅಗತ್ಯವನ್ನೋ ಹೊಸದಾಗಿ ಅಳೆಯುವಾಗ ರೀಅಸೆಸ್ ಹೆಚ್ಚು ಬರುತ್ತದೆ. ಒಂದು ವಿಧಾನಕ್ಕೋ ಕೃತಿಗೋ ಇರುವ ಯೋಗ್ಯತೆಯನ್ನು ಮತ್ತೆ ತೂಗುವಾಗ ರೀಇವ್ಯಾಲ್ಯುಯೇಟ್ ಬರುತ್ತದೆ. ಇವುಗಳ ಬಂಧುವಾದ ರೀಅಪ್ರೇಸ್ ಕಲೆ ಮತ್ತು ಸಾಹಿತ್ಯದ ಚರ್ಚೆಗೆ ಹೆಚ್ಚು ಒಗ್ಗಿದೆ. 1891ರಲ್ಲಿ ತೀರಿಕೊಂಡಾಗ ಬಹುಮಟ್ಟಿಗೆ ಮರೆತುಹೋಗಿದ್ದ ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್ 1920ರ ದಶಕದಲ್ಲಿ ವಿಮರ್ಶಕರ ಗಮನಕ್ಕೆ ಮರಳಿದ್ದನ್ನು ವಿವರಿಸುವಾಗ ‘ರೀಅಪ್ರೇಸಲ್’ ಎಂಬ ನಾಮಪದವೇ ಸರಿಯಾಗಿ ಕೂರುತ್ತದೆ. ಕನ್ನಡದಲ್ಲಿ ಇಲ್ಲಿ ‘ಮರುಮೌಲ್ಯಮಾಪನ’ ಎಂದು ಧಾರಾಳವಾಗಿ ಬಳಸಬಹುದು.

ರಿವೈಸ್ ಬಂದಿತೆಂದರೆ ಬದಲಾವಣೆ ಆಗಿಹೋಗಿದೆ ಎಂದು ತಿಳಿಯಬೇಕು. ಅಂದಾಜು, ಅಂಕಿ, ಕರಡು, ಸಿದ್ಧಾಂತ, ಒಬ್ಬರ ಬಗೆಗಿನ ಅಭಿಪ್ರಾಯ, ಇವು ಅದರ ಕರ್ಮಪದಗಳು. ಅಂಕಿಗಳಿಗೆ ‘ರಿವೈಸ್ ಅಪ್‌ವರ್ಡ್ಸ್’, ‘ರಿವೈಸ್ ಡೌನ್‌ವರ್ಡ್ಸ್’ ಎಂಬ ಜೋಡಿಗಳೂ ಇವೆ. ಜೀವವಿಕಾಸವನ್ನು ಕುರಿತ ಡಾರ್ವಿನ್ ಅವರ ಕೃತಿ 1859ರಲ್ಲಿ ಹೊರಬಂದ ಮೇಲೆ 1872ರ ಆರನೆಯ ಆವೃತ್ತಿಯವರೆಗೆ ಅವರು ಅದನ್ನು ತಿದ್ದುತ್ತಲೇ ಹೋದರು. ಮೂಲ ವಾದ ಉಳಿದು ವಿವರಗಳು ಬದಲಾದ ಈ ಕೆಲಸಕ್ಕೆ ರಿವೈಸ್ ಎಂಬುದೇ ತಕ್ಕ ಪದ, ಕನ್ನಡದಲ್ಲಿ ‘ಪರಿಷ್ಕರಿಸು’. ಬ್ರಿಟನ್ನಿನಲ್ಲಿ ಪರೀಕ್ಷೆಗಾಗಿ ಓದಿದ್ದನ್ನೇ ಮತ್ತೆ ಓದುವುದಕ್ಕೂ ರಿವೈಸ್ ಎನ್ನುತ್ತಾರೆ, ಅಮೆರಿಕದಲ್ಲಿ ಅದೇ ಕೆಲಸಕ್ಕೆ ರಿವ್ಯೂ ಎನ್ನುತ್ತಾರೆ. ಅಲ್ಲಿ ಬದಲಾವಣೆಯ ಅರ್ಥವಿಲ್ಲ.

ಇನ್ನು ರೀಥಿಂಕ್. ತಂತ್ರ, ಧೋರಣೆ, ವಿನ್ಯಾಸ, ನೀತಿ ಇಂತಹ ದೊಡ್ಡ ರಚನೆಗಳನ್ನು ಬುಡದಿಂದಲೇ ಮತ್ತೆ ಯೋಚಿಸಬೇಕಾದಾಗ ಅದು ಬರುತ್ತದೆ. ಈಗಿರುವುದು ಸಾಲದು ಎಂಬ ಅತೃಪ್ತಿ ಅದರಲ್ಲಿ ಮೊದಲೇ ಸೇರಿದೆ. ಒಂದು ಅಂಕಿಯನ್ನು ರೀಥಿಂಕ್ ಮಾಡುವುದಿಲ್ಲ, ಆ ಅಂಕಿಯನ್ನು ಹುಟ್ಟಿಸಿದ ಲೆಕ್ಕಾಚಾರದ ವಿಧಾನವನ್ನು ರೀಥಿಂಕ್ ಮಾಡಬಹುದು. ‘ಮರುಚಿಂತನೆ ನಡೆಸು’ ಎಂಬುದು ಇದಕ್ಕೆ ಕನ್ನಡದಲ್ಲಿ ನೆಲೆಗೊಂಡಿರುವ ರೂಪ. ಈಚೆಗೆ ಬಹಳ ಚಾಲ್ತಿಗೆ ಬಂದಿರುವ ರೀಫ್ರೇಮ್ ಎಂದರೆ ಪ್ರಶ್ನೆಯನ್ನು ಬೇರೊಂದು ಚೌಕಟ್ಟಿನಲ್ಲಿಟ್ಟು ನೋಡುವುದು. ರೀಇಮ್ಯಾಜಿನ್ ಎಂಬುದನ್ನು ಜಾಹೀರಾತುಗಳು ಎಷ್ಟು ಸವೆಸಿವೆಯೆಂದರೆ ಗಂಭೀರ ಬರಹದಲ್ಲಿ ಅದನ್ನು ಬಿಡುವುದೇ ಒಳ್ಳೆಯದು.

ತಾವು ಪಟ್ಟಿಯಲ್ಲಿ ಸೇರಿಸದ ಒಂದು ಪದಗುಚ್ಛವನ್ನು ಇಲ್ಲಿಯೇ ಹೇಳಬೇಕೆನಿಸುತ್ತದೆ. ಮೊದಲು ವಿರೋಧಿಸಿದವರು ನಿಧಾನವಾಗಿ ಒಪ್ಪುವ ಕಡೆಗೆ ಬರುವುದನ್ನು ಇಂಗ್ಲಿಷಿನಲ್ಲಿ ‘ಕಮ್ ರೌಂಡ್ ಟು’ ಎನ್ನುತ್ತಾರೆ, ಅಮೆರಿಕದಲ್ಲಿ ‘ಕಮ್ ಅರೌಂಡ್ ಟು’. ಖಂಡಗಳು ಚಲಿಸುತ್ತವೆ ಎಂದು ಆಲ್ಫ್ರೆಡ್ ವೇಗೆನರ್ 1912ರಲ್ಲಿ ಮಂಡಿಸಿದ ವಿಚಾರವನ್ನು ಅನೇಕ ಭೂವಿಜ್ಞಾನಿಗಳು ದಶಕಗಳ ಕಾಲ ತಳ್ಳಿಹಾಕಿದರು. ಸಾಗರತಳ ಹರಡುತ್ತಿದೆ ಎಂಬುದಕ್ಕೆ 1960ರ ದಶಕದಲ್ಲಿ ಪುರಾವೆಗಳು ಕೂಡಿಬಂದ ಮೇಲೆ ಆ ವಿಚಾರದತ್ತ ಹೊರಳಿದರು. ಒಂದು ದಿನದಲ್ಲಿ ಆಗದ, ಪುರಾವೆಯ ಭಾರಕ್ಕೆ ಮಣಿದು ಆದ ಈ ಬದಲಾವಣೆಯನ್ನು ‘ಮನಸ್ಸು ಬದಲಾಯಿಸಿದರು’ ಎಂಬ ಮಾತು ಪೂರ್ತಿ ಹಿಡಿಯುವುದಿಲ್ಲ, ‘ಕ್ರಮೇಣ ಒಪ್ಪಿಕೊಂಡರು’ ಎಂಬುದು ಹಿಡಿಯುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ‘ರೀಥಿಂಕ್ ಅಬೌಟ್ ದ ಪ್ಲ್ಯಾನ್’, ‘ರೀಕನ್ಸಿಡರ್ ಟು ಗೋ’, ‘ಹಿ ಚೇಂಜ್ಡ್ ಮೈಂಡ್’ ಎಂದು ಬರೆಯುತ್ತಾರೆ. ತಪ್ಪೆಂದು ಗೊತ್ತು, ಆದರೆ ಕಾರಣವನ್ನು ಹೇಗೆ ವಿವರಿಸಲಿ?

ಉತ್ತರ: ಕಾರಣ ಹೆಚ್ಚಾಗಿ ಕನ್ನಡದ ವಾಕ್ಯರಚನೆಯಲ್ಲೇ ಇದೆ ಎಂದು ಮಕ್ಕಳಿಗೆ ಮೊದಲು ತೋರಿಸಿಕೊಡಿ. ನಾವು ‘ಯೋಜನೆಯ ಬಗ್ಗೆ ಮತ್ತೆ ಯೋಚಿಸು’ ಎನ್ನುತ್ತೇವೆ, ಆ ‘ಬಗ್ಗೆ’ ಎಂಬುದೇ ಅವರ ಇಂಗ್ಲಿಷಿನಲ್ಲಿ ‘ಅಬೌಟ್’ ಆಗಿ ನುಸುಳುತ್ತದೆ. ಥಿಂಕ್ ಎಂಬುದಕ್ಕೆ ‘ಅಬೌಟ್’ ಬೇಕು ನಿಜ, ಆದರೆ ‘ರೀ’ ಸೇರಿದ ಮೇಲೆ ಅದು ನೇರವಾಗಿ ಕರ್ಮವನ್ನು ತೆಗೆದುಕೊಳ್ಳುತ್ತದೆ: ‘ಥಿಂಕ್ ಅಬೌಟ್ ದ ಪ್ಲ್ಯಾನ್’, ಆದರೆ ‘ರೀಥಿಂಕ್ ದ ಪ್ಲ್ಯಾನ್’. ಇಬ್ಬರು ಅಕ್ಕಪಕ್ಕ ನಿಂತು ಈ ಎರಡು ವಾಕ್ಯಗಳನ್ನು ಒಬ್ಬರಾದ ಮೇಲೊಬ್ಬರು ಹೇಳುವಂತೆ ಮಾಡಿದರೆ, ನಿಯಮ ಹೇಳುವುದಕ್ಕಿಂತ ಬೇಗ ಕಿವಿಗೆ ನಾಟುತ್ತದೆ. ಇದರ ಭೂತಕಾಲ ‘ರೀಥಾಟ್’ ಎಂಬುದನ್ನೂ ಜೊತೆಗೇ ಹೇಳಿಕೊಡಿ.

ರೀಕನ್ಸಿಡರ್ ಎಂಬುದರ ನಂತರ ನಾಮಪದ ಬರಬಹುದು, ‘ಇಂಗ್’ ರೂಪ ಬರಬಹುದು, ‘ವೆದರ್’ ಅಥವಾ ‘ಹೌ’ ಎಂಬುದರಿಂದ ಆರಂಭವಾಗುವ ಉಪವಾಕ್ಯ ಬರಬಹುದು. ‘ಟು’ ಸೇರಿದ ಕ್ರಿಯಾರೂಪ ಬರುವುದಿಲ್ಲ. ಕನ್ಸಿಡರ್ ಎಂಬ ಮೂಲಪದಕ್ಕೂ ಇದೇ ನಿಯಮವಿರುವುದರಿಂದ, ‘ಕನ್ಸಿಡರ್ ಗೋಯಿಂಗ್’ ಕಲಿತ ಮಗು ‘ರೀಕನ್ಸಿಡರ್ ಗೋಯಿಂಗ್’ ಎಂಬುದನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ.

ಮನಸ್ಸಿನ ವಿಷಯಕ್ಕೆ ಬಂದರೆ, ಯಾರ ಮನಸ್ಸೆಂದು ಹೇಳುವ ಅಗತ್ಯ ಕನ್ನಡದಲ್ಲಿಲ್ಲ. ‘ಅವನು ಮನಸ್ಸು ಬದಲಾಯಿಸಿದ’ ಎಂದರೆ ಸಾಕು. ಇಂಗ್ಲಿಷಿನಲ್ಲಿ ಆ ಸ್ವಾಮ್ಯಸೂಚಕ ಪದ ಕಡ್ಡಾಯ: ‘ಹಿ ಚೇಂಜ್ಡ್ ಹಿಸ್ ಮೈಂಡ್’. ಕರ್ತೃ ಬಹುವಚನವಾದಾಗ ಮೈಂಡ್ ಎಂಬುದೂ ಸಾಮಾನ್ಯವಾಗಿ ಬಹುವಚನವಾಗುತ್ತದೆ: ‘ದೆ ಚೇಂಜ್ಡ್ ದೇರ್ ಮೈಂಡ್ಸ್’. ಇನ್ನೊಂದು ಎಚ್ಚರ: ‘ರೀ’ ಎಂಬುದರಲ್ಲೇ ‘ಮತ್ತೆ’ ಇರುವುದರಿಂದ ‘ರೀಕನ್ಸಿಡರ್ ಅಗೇನ್’ ಎನ್ನಬೇಕಾದದ್ದು ಒಮ್ಮೆ ಮರುಯೋಚನೆ ನಡೆದು, ಎರಡನೆಯ ಬಾರಿ ನಡೆಯುತ್ತಿರುವಾಗ ಮಾತ್ರ. ‘ರಿವರ್ಟ್’ ಎಂಬುದನ್ನು ಉತ್ತರಿಸು ಎಂಬರ್ಥದಲ್ಲಿ ಬರೆಯುವ ರೂಢಿ ನಮ್ಮಲ್ಲಿ ಬೆಳೆದಿದೆ, ಆದರೆ ಈ ಚರ್ಚೆಗೆ ಬೇಕಾದ ಅದರ ಮೂಲ ಅರ್ಥ ಹಿಂದಿನ ಸ್ಥಿತಿಗೆ ಅಥವಾ ಹಿಂದಿನ ಅಭಿಪ್ರಾಯಕ್ಕೆ ಮರಳುವುದು. ‘ರಿವರ್ಟ್ ಟು’ ಎಂಬ ರೂಪದಲ್ಲಿ ಅದನ್ನು ಕಲಿಸಿದರೆ ಗೊಂದಲ ತಪ್ಪುತ್ತದೆ.

ಪ್ರಶ್ನೆ: ‘ಹಿ ಥಾಟ್ ಬೆಟರ್ ಆಫ್ ಇಟ್’ ಎಂದರೆ ಅವನು ಅದರ ಬಗ್ಗೆ ಒಳ್ಳೆಯ ಅಭಿಪ್ರಾಯ ತಳೆದ ಎಂದೇ?

ಉತ್ತರ: ಅಲ್ಲ, ಹೆಚ್ಚುಕಡಿಮೆ ವಿರುದ್ಧವಾದ ಅರ್ಥ. ಮಾಡಲು ಹೊರಟಿದ್ದನ್ನು ಇನ್ನೊಮ್ಮೆ ಯೋಚಿಸಿ ಬಿಟ್ಟುಬಿಟ್ಟ ಎಂದರ್ಥ. ‘ಆಫ್’ ಎಂಬುದರ ನಂತರ ವ್ಯಕ್ತಿ ಬಂದರೆ ಮಾತ್ರ ತಾವು ಹೇಳಿದ ಅರ್ಥ ಬರುತ್ತದೆ: ‘ಐ ಥಿಂಕ್ ಬೆಟರ್ ಆಫ್ ಹಿಮ್ ನೌ’, ಈಗ ಅವನ ಬಗ್ಗೆ ನನಗೆ ಗೌರವ ಹೆಚ್ಚಿದೆ. ‘ಹ್ಯಾವಿಂಗ್ ಸೆಕೆಂಡ್ ಥಾಟ್ಸ್’ ಎಂದರೆ ಅನುಮಾನ ಮೊಳೆತಿದೆ, ಇನ್ನೂ ಹಿಂದೆ ಸರಿದಿಲ್ಲ. ಮಾತಿನ ನಡುವೆ ತಟ್ಟನೆ ನಿಲುವು ಬದಲಿಸುವಾಗ ಬ್ರಿಟಿಷರು ‘ಆನ್ ಸೆಕೆಂಡ್ ಥಾಟ್ಸ್’ ಎಂದೂ ಅಮೆರಿಕನ್ನರು ‘ಆನ್ ಸೆಕೆಂಡ್ ಥಾಟ್’ ಎಂದೂ ಹೇಳುತ್ತಾರೆ. ‘ಥಿಂಕ್ ಟ್ವೈಸ್’ ಎಂಬುದು ಕೆಲಸಕ್ಕೆ ಕೈಹಾಕುವ ಮೊದಲು ಹೇಳುವ ಎಚ್ಚರಿಕೆ, ಮಾಡಿದ ಮೇಲೆ ಅದಕ್ಕೆ ಸ್ಥಾನವಿಲ್ಲ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಇಂಗ್ಲಿಷ್ ತೀರ್ಪುಗಳಲ್ಲಿ ರಿವರ್ಸ್ ಮತ್ತು ಓವರ್‌ರೂಲ್ ಎರಡೂ ಬರುತ್ತವೆ. ಇವು ಸಮಾನಾರ್ಥಕಗಳೇ? ಸಭೆಗಳಲ್ಲಿ ರೀಕನ್ಸಿಡರ್ ಮತ್ತು ರಿಸಿಂಡ್ ಎಂಬ ಪದಗಳಿಗೆ ಏನು ವ್ಯತ್ಯಾಸ?

ಉತ್ತರ: ರಿವರ್ಸ್ ಮತ್ತು ಓವರ್‌ರೂಲ್ ಸಮಾನಾರ್ಥಕಗಳಲ್ಲ, ಮತ್ತು ಕಾನೂನಿನ ಬರಹದಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಿದರೆ ಅರ್ಥ ಕೆಡುತ್ತದೆ. ಮೇಲಿನ ನ್ಯಾಯಾಲಯ ಅದೇ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯ ಕೊಟ್ಟ ತೀರ್ಪನ್ನು ಬದಲಿಸಿದರೆ ಅದು ರಿವರ್ಸ್. ಹಿಂದೆ ಬೇರೊಂದು ಪ್ರಕರಣದಲ್ಲಿ ಸ್ಥಾಪಿತವಾದ ಪೂರ್ವನಿದರ್ಶನವನ್ನು ಇನ್ನು ಮುಂದೆ ಅದು ಕಾನೂನಲ್ಲ ಎಂದು ತಳ್ಳಿಹಾಕಿದರೆ ಅದು ಓವರ್‌ರೂಲ್. ಎರಡೂ ಒಂದೇ ತೀರ್ಪಿನಲ್ಲಿ ನಡೆಯಬಹುದು ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ ಕೊಟ್ಟ ಗಿಡಿಯನ್ ವಿರುದ್ಧ ವೇನ್‌ರೈಟ್ ತೀರ್ಪು ನಿದರ್ಶನ. ವಕೀಲರನ್ನು ನೇಮಿಸಿಕೊಳ್ಳಲಾಗದ ಬಡ ಆರೋಪಿಗೆ ಗಂಭೀರ ಅಪರಾಧದ ಮೊಕದ್ದಮೆಯಲ್ಲಿ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು ಹೇಳುವಾಗ, ಆ ನ್ಯಾಯಾಲಯವು ಫ್ಲಾರಿಡಾ ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪನ್ನು ರಿವರ್ಸ್ ಮಾಡಿತು, ಮತ್ತು 1942ರಲ್ಲಿ ಬೆಟ್ಸ್ ವಿರುದ್ಧ ಬ್ರೇಡಿ ಪ್ರಕರಣದಲ್ಲಿ ತಾನೇ ಹಾಕಿಕೊಟ್ಟಿದ್ದ ಪೂರ್ವನಿದರ್ಶನವನ್ನು ಓವರ್‌ರೂಲ್ ಮಾಡಿತು. ಮೊದಲನೆಯದು ಆ ಒಬ್ಬ ಆರೋಪಿಯ ಪ್ರಕರಣವನ್ನು ಬದಲಾಯಿಸಿತು, ಎರಡನೆಯದು ಮುಂದೆ ಬರುವ ಎಲ್ಲ ಪ್ರಕರಣಗಳನ್ನು. ನ್ಯಾಯಾಲಯವೊಂದು ತನ್ನದೇ ಹಳೆಯ ತಿಳಿವಳಿಕೆಯನ್ನು ಹೀಗೆ ಬಹಿರಂಗವಾಗಿ, ಕಾರಣಸಹಿತ ಬಿಟ್ಟುಕೊಡುವುದು ಮರುಚಿಂತನೆಯ ಅತ್ಯಂತ ಗಂಭೀರ ರೂಪಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ. ಅದಕ್ಕೆ ಖಚಿತವಾದ ಪ್ರತ್ಯೇಕ ಪದವಿರುವುದು ಉಚಿತವೇ ಆಗಿದೆ.

ಸಭಾ ನಡವಳಿಕೆಯ ವಿಷಯದಲ್ಲಿ, ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಪ್ರಕಟಿಸಿದ ನಿಯಮಗಳ ಕೈಪಿಡಿಯನ್ನು ಅಮೆರಿಕದ ಅನೇಕ ಸಭೆಗಳು ಅನುಸರಿಸುತ್ತವೆ. ಅದರ ಪ್ರಕಾರ ರೀಕನ್ಸಿಡರ್ ಮಾಡುವುದೆಂದರೆ ಮತಕ್ಕೆ ಹಾಕಿ ಮುಗಿಸಿದ ಪ್ರಶ್ನೆಯನ್ನು ಮತ್ತೆ ಸಭೆಯ ಮುಂದೆ ತರುವುದು. ಅಷ್ಟರಿಂದಲೇ ತೀರ್ಮಾನ ಬದಲಾಯಿತೆಂದಲ್ಲ, ಮತ್ತೆ ಮತ ಹಾಕಿದಾಗ ಅದೇ ಫಲಿತಾಂಶ ಬರಬಹುದು. ಇಂಥ ಸೂಚನೆಯನ್ನು ಮೊದಲ ಸಲ ಗೆದ್ದ ಪಕ್ಷಕ್ಕೆ ಮತ ಹಾಕಿದವರೇ ಮಂಡಿಸಬೇಕೆಂಬ ನಿಯಮವೂ ಇದೆ. ಸೋತವರು ಪದೇ ಪದೇ ಪ್ರಶ್ನೆಯನ್ನು ಎತ್ತದಂತೆ ತಡೆದು, ಗೆದ್ದವರಲ್ಲಿ ಒಬ್ಬರಿಗಾದರೂ ಮನಸ್ಸು ಬದಲಾಗಿರುವುದು ಖಚಿತವಾದಾಗ ಮಾತ್ರ ಸಭೆಯ ಸಮಯವನ್ನು ಬಳಸುವುದು ಅದರ ಉದ್ದೇಶ. ರಿಸಿಂಡ್ ಎಂದರೆ ಅಂಗೀಕರಿಸಿದ್ದನ್ನು ರದ್ದುಪಡಿಸುವುದು.

ಪ್ರಶ್ನೆ: ಹೇಳಿಕೆಯನ್ನು ಹಿಂತೆಗೆದುಕೊಳ್ಳುವುದಕ್ಕೆ ವಿತ್‌ಡ್ರಾ, ರಿಟ್ರ್ಯಾಕ್ಟ್, ರಿಕ್ಯಾಂಟ್ ಎಂಬ ಮೂರು ಪದಗಳನ್ನು ನೋಡಿದ್ದೇನೆ. ಯಾವಾಗ ಯಾವುದು? ರಿನೇಗ್ ಎಂಬುದೂ ಇದೇ ಗುಂಪಿನದೇ?

ಉತ್ತರ: ವಿತ್‌ಡ್ರಾ ಎಂಬುದು ಇವುಗಳಲ್ಲಿ ಎಲ್ಲಕ್ಕಿಂತ ವಿಶಾಲವಾದದ್ದು. ಅರ್ಜಿ, ಪ್ರಸ್ತಾವ, ಆಕ್ಷೇಪ, ಮಾತು, ಬೆಂಬಲ, ಏನನ್ನು ಬೇಕಾದರೂ ವಿತ್‌ಡ್ರಾ ಮಾಡಬಹುದು, ಮತ್ತು ಅದು ತಪ್ಪಾಗಿತ್ತೆಂದು ಒಪ್ಪಿಕೊಂಡಂತಾಗುವುದಿಲ್ಲ. ರಿಟ್ರ್ಯಾಕ್ಟ್ ಹಾಗಲ್ಲ. ಸತ್ಯವೆಂದು ಮಂಡಿಸಿದ ಹೇಳಿಕೆ, ಆರೋಪ, ತಪ್ಪೊಪ್ಪಿಗೆ, ಸಂಶೋಧನಾ ಲೇಖನ ಇವುಗಳಿಗೆ ಅದು ಅನ್ವಯಿಸುತ್ತದೆ, ಹಿಂದೆ ಹೇಳಿದ್ದು ಇನ್ನು ನಿಲ್ಲುವುದಿಲ್ಲ ಎಂಬ ಘೋಷಣೆ ಅದರಲ್ಲಿದೆ. ವೈಜ್ಞಾನಿಕ ಪತ್ರಿಕೆಗಳಲ್ಲಿ ತಿದ್ದುಪಡಿ ಮತ್ತು ರಿಟ್ರ್ಯಾಕ್ಷನ್ ಬೇರೆ ಬೇರೆ. ಸಣ್ಣ ದೋಷಕ್ಕೆ ತಿದ್ದುಪಡಿ ಸಾಕು, ಫಲಿತಾಂಶವನ್ನೇ ನಂಬಲಾಗದೆಂದಾದಾಗ ಇಡೀ ಲೇಖನವನ್ನು ರಿಟ್ರ್ಯಾಕ್ಟ್ ಮಾಡಲಾಗುತ್ತದೆ. ದಡಾರ, ಮಂಗನಬಾವು ಮತ್ತು ರುಬೆಲ್ಲಾ ವಿರುದ್ಧದ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಹುಟ್ಟಿಸಿದ 1998ರ ಲೇಖನವೊಂದನ್ನು ‘ದಿ ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ರಿಟ್ರ್ಯಾಕ್ಟ್ ಮಾಡಿತು. ಆ ಹನ್ನೆರಡು ವರ್ಷಗಳಲ್ಲಿ ಲಸಿಕೆಯ ಮೇಲಿನ ಜನರ ವಿಶ್ವಾಸಕ್ಕೆ ಆದ ಹಾನಿಯನ್ನು ನೆನೆದರೆ, ರಿಟ್ರ್ಯಾಕ್ಟ್ ಎಂಬ ಪದವನ್ನು ಬರಿಯ ‘ಮರುಪರಿಶೀಲಿಸಿತು’ ಎಂದು ಅನುವಾದಿಸುವುದು ಎಷ್ಟು ದೊಡ್ಡ ಲೋಪವಾಗುತ್ತದೆ ಎಂಬುದು ಮನವರಿಕೆಯಾಗುತ್ತದೆ. ‘ಲೇಖನವನ್ನು ಹಿಂತೆಗೆದುಕೊಂಡಿತು’ ಎಂದೇ ಬರೆಯಬೇಕು.

ಈ ಪದದ ಲ್ಯಾಟಿನ್ ಮೂಲಗಳಲ್ಲಿ ಒಂದಕ್ಕೆ ‘ಮತ್ತೆ ಕೈಗೆತ್ತಿಕೊಂಡು ನೋಡು’ ಎಂಬ ಅರ್ಥವೂ ಇತ್ತು. ಸಂತ ಅಗಸ್ಟೀನ್ ತಮ್ಮ ಕೊನೆಯ ವರ್ಷಗಳಲ್ಲಿ ತಾವು ಬರೆದ ಗ್ರಂಥಗಳನ್ನೆಲ್ಲ ಒಂದೊಂದಾಗಿ ತೆಗೆದು, ಎಲ್ಲಿ ತಿದ್ದಬೇಕು, ಎಲ್ಲಿ ಹಾಗೆಯೇ ಉಳಿಸಬೇಕು ಎಂದು ವಿವರಿಸಿ ಬರೆದ ಕೃತಿಗೆ ‘ರೆಟ್ರಾಕ್ಟಾಟಿಯೋನೆಸ್’ ಎಂಬ ಹೆಸರಿದೆ. ಇಂದಿನ ಇಂಗ್ಲಿಷ್ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಹೆಸರನ್ನು ಓದಿದವರು ಅವರು ಎಲ್ಲವನ್ನೂ ಹಿಂತೆಗೆದುಕೊಂಡರೆಂದು ತಿಳಿಯುವ ಅಪಾಯವಿದೆ. ಅವರು ಮಾಡಿದ್ದು ಇಂದಿನ ಮಾತಿನಲ್ಲಿ ರಿವ್ಯೂ, ಅಲ್ಲಲ್ಲಿ ರಿವೈಸ್.

ರಿಕ್ಯಾಂಟ್ ಎಂಬುದರ ಕರ್ಮ ನಂಬಿಕೆ ಅಥವಾ ಸಾಕ್ಷಿ ನುಡಿದ ಮಾತು. ಅದು ಬಹಿರಂಗವಾಗಿ, ಬಹಳ ಸಲ ಒತ್ತಡಕ್ಕೆ ಸಿಲುಕಿ ನಡೆಯುತ್ತದೆ. ಲ್ಯಾಟಿನ್ನಿನಲ್ಲಿ ‘ಕಾಂತಾರೆ’ ಎಂದರೆ ಹಾಡು, ಹಿಂದೆ ಹಾಡಿದ್ದನ್ನು ಅಲ್ಲಗಳೆದು ಮತ್ತೆ ಹಾಡುವುದು ಈ ಪದದ ಹುಟ್ಟು. ಟ್ರಾಯ್ ಯುದ್ಧದ ಕಥೆಯ ನಾಯಕಿ ಹೆಲೆನ್‌ಳನ್ನು ನಿಂದಿಸಿ ಹಾಡಿದ್ದರಿಂದ ಕಣ್ಣು ಕಳೆದುಕೊಂಡು, ಆ ಹಾಡನ್ನು ಅಲ್ಲಗಳೆಯುವ ಇನ್ನೊಂದು ಹಾಡು ಕಟ್ಟಿ ದೃಷ್ಟಿ ಮರಳಿ ಪಡೆದನೆಂಬ ಐತಿಹ್ಯವಿರುವ ಗ್ರೀಕ್ ಕವಿ ಸ್ಟೆಸಿಕೋರಸ್‌ನ ರಚನೆಯೂ ಇದೇ ಭಾವದ್ದು. ಚರಿತ್ರೆಯಲ್ಲಿ ಈ ಕ್ರಿಯಾಪದ ಕಠೋರವಾದ ಸಂದರ್ಭಗಳನ್ನು ಹೊತ್ತು ಬಂದಿದೆ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದ ಥಾಮಸ್ ಕ್ರ್ಯಾನ್ಮರ್ ಸೆರೆಯಲ್ಲಿದ್ದಾಗ ತಮ್ಮ ಪ್ರಾಟೆಸ್ಟೆಂಟ್ ನಂಬಿಕೆಗಳನ್ನು ರಿಕ್ಯಾಂಟ್ ಮಾಡಿ ಹಲವು ಪತ್ರಗಳಿಗೆ ಸಹಿ ಹಾಕಿದರು. 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಸುಡುವ ಶಿಕ್ಷೆಗೆ ಗುರಿಯಾದಾಗ ಆ ಸಹಿಗಳನ್ನೇ ನಿರಾಕರಿಸಿ, ಸಹಿ ಹಾಕಿದ ಬಲಗೈಯನ್ನು ಮೊದಲು ಬೆಂಕಿಗೆ ಒಡ್ಡಿದರು. ಗೆಲಿಲಿಯೋ 1633ರಲ್ಲಿ ರೋಮಿನ ಧರ್ಮವಿಚಾರಣಾ ನ್ಯಾಯಮಂಡಳಿಯ ಮುಂದೆ ಮೊಣಕಾಲೂರಿ, ಭೂಮಿ ಚಲಿಸುತ್ತದೆಂಬ ಮತವನ್ನು ಬಿಟ್ಟೆನೆಂದು ಹೇಳಬೇಕಾದ ಪ್ರಸಂಗಕ್ಕೂ ಈ ಪದ ಬಳಕೆಯಲ್ಲಿದೆ. ಆಣೆಯಿಟ್ಟು ಬಿಡುವುದಾದ್ದರಿಂದ ‘ಅಬ್‌ಜೂರ್’ ಎಂಬುದು ಅಲ್ಲಿ ಇನ್ನೂ ನಿಖರ. ಬಲಾತ್ಕಾರದಿಂದ ಬಾಯಿ ಹೇಳಿದ್ದಕ್ಕೂ ಪುರಾವೆ ನೋಡಿ ಬುದ್ಧಿ ಒಪ್ಪಿದ್ದಕ್ಕೂ ಒಂದೇ ಪದ ಬಳಸಬಾರದು. ಗೆಲಿಲಿಯೋ ‘ಚೇಂಜ್ಡ್ ಹಿಸ್ ಮೈಂಡ್’ ಎಂದು ಬರೆದರೆ ಅದು ಚರಿತ್ರೆಗೆ ಬಗೆದ ಅನ್ಯಾಯ.

ರಿನೇಗ್ ಈ ಗುಂಪಿಗೆ ಸೇರುವುದಿಲ್ಲ. ಅದು ಕೊಟ್ಟ ಮಾತಿಗೆ ತಪ್ಪುವುದು, ‘ರಿನೇಗ್ ಆನ್ ಎ ಪ್ರಾಮಿಸ್’ ಎಂದು ‘ಆನ್’ ಸೇರಿಸಿಯೇ ಬಳಸಬೇಕು. ಅಭಿಪ್ರಾಯವನ್ನು ಬದಲಿಸಿಕೊಳ್ಳುವುದು ಯಾರ ಹಕ್ಕೂ ಹೌದು, ವಚನಭಂಗ ಹಾಗಲ್ಲ.

ಪ್ರಶ್ನೆ: ಸುದ್ದಿಮನೆಯಲ್ಲಿ ಕೆಲಸ ಮಾಡುತ್ತೇನೆ. ನಾಯಕರೊಬ್ಬರು ನಿಲುವು ಬದಲಿಸಿದಾಗ ಇಂಗ್ಲಿಷ್ ಸುದ್ದಿಸಂಸ್ಥೆಗಳು ಯೂ-ಟರ್ನ್, ಫ್ಲಿಪ್-ಫ್ಲಾಪ್, ಬ್ಯಾಕ್‌ಟ್ರ್ಯಾಕ್, ವಾಕ್ ಬ್ಯಾಕ್ ಎಂದೆಲ್ಲ ಬರೆಯುತ್ತವೆ. ಇವುಗಳಲ್ಲಿ ತಟಸ್ಥವಾದದ್ದು ಯಾವುದು?

ಉತ್ತರ: ಪೂರ್ಣ ತಟಸ್ಥವಾದದ್ದು ಇವುಗಳಲ್ಲಿ ಒಂದೂ ಇಲ್ಲ. ಯೂ-ಟರ್ನ್ ಎಂಬುದು ಬ್ರಿಟನ್ನಿನ ರಾಜಕೀಯ ಭಾಷೆಯಲ್ಲಿ ಬೇರೂರಿದ ಟೀಕೆಯ ಪದ. ಆಗ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ 1980ರ ಅಕ್ಟೋಬರಿನಲ್ಲಿ ತಮ್ಮ ಪಕ್ಷದ ಸಮ್ಮೇಳನದಲ್ಲಿ, ತಾವು ತಿರುಗುವವರಲ್ಲ ಎಂದು ಆ ಪದವನ್ನೇ ಹಿಡಿದು ಮಾತನಾಡಿದ್ದರು. ಫ್ಲಿಪ್-ಫ್ಲಾಪ್ ಅಮೆರಿಕದ್ದು, 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಭ್ಯರ್ಥಿ ಜಾನ್ ಕೆರಿ ಅವರ ಮೇಲೆ ಎದುರಾಳಿಗಳು ಪದೇ ಪದೇ ಪ್ರಯೋಗಿಸಿದ ಮಾತು. ಅದರಲ್ಲಿ ಅತ್ತಿಂದಿತ್ತ ಹೊರಳಾಡುವ ಚಂಚಲತೆಯ ಆರೋಪವಿದೆ. ನಮ್ಮ ಆಡುಮಾತಿನ ‘ಉಲ್ಟಾ ಹೊಡೆ’ ಎಂಬುದರ ಧಾಟಿ ಇದಕ್ಕೆ ಹತ್ತಿರ. ಬ್ಯಾಕ್‌ಟ್ರ್ಯಾಕ್ ಎಂದರೆ ಆಡಿದ ಮಾತಿನಿಂದ ಹಿಂದೆ ಸರಿಯುವುದು, ‘ಕ್ಲೈಂಬ್ ಡೌನ್’ ಎಂದರೆ ಪಟ್ಟು ಸಡಿಲಿಸಿ ಸೋಲೊಪ್ಪುವುದು. ‘ವಾಕ್ ಬ್ಯಾಕ್’ ಎಂಬಲ್ಲಿ ಹೇಳಿಕೆಯನ್ನು ಪೂರ್ತಿ ಹಿಂತೆಗೆದುಕೊಂಡಿರುವುದೇ ಇಲ್ಲ, ಅದರ ಮೊನಚನ್ನು ತಗ್ಗಿಸಿ ಬೇರೆ ಅರ್ಥ ಹೇಳಿರುತ್ತಾರೆ. ಆದ್ದರಿಂದ ಅದನ್ನು ‘ಹೇಳಿಕೆ ಹಿಂಪಡೆದರು’ ಎಂದು ಬರೆಯುವುದು ವಾಸ್ತವಾಂಶದ ತಪ್ಪಾಗುತ್ತದೆ. ವೇವರ್ ಮತ್ತು ವ್ಯಾಸಿಲೇಟ್ ಎಂಬವು ಇನ್ನೂ ತೀರ್ಮಾನಕ್ಕೆ ಬರದ ಡೋಲಾಯಮಾನ ಸ್ಥಿತಿಯನ್ನು ಹೇಳುತ್ತವೆ, ಡಿದರ್ ಎಂಬುದು ನಮ್ಮ ‘ಮೀನಮೇಷ ಎಣಿಸು’ ಎಂಬ ನುಡಿಗಟ್ಟಿಗೆ ಸಮ.

ವರದಿಗೆ ಬೇಕಾದ ಪದಗಳು ‘ಚೇಂಜ್ಡ್ ಇಟ್ಸ್ ಪೊಸಿಷನ್’, ‘ರಿವರ್ಸ್ಡ್ ದ ಡಿಸಿಷನ್’, ‘ಡ್ರಾಪ್ಡ್ ದ ಪ್ಲ್ಯಾನ್’ ಇಂಥವು. ಕನ್ನಡದಲ್ಲಿ ‘ನಿಲುವು ಬದಲಿಸಿದರು’, ‘ನಿರ್ಧಾರ ಕೈಬಿಟ್ಟರು’. ಈ ಎಚ್ಚರವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೊಸ ಮಾಹಿತಿ ಬಂದಾಗ ನಿಲುವು ಬದಲಿಸಿದವರನ್ನೂ ಲಾಭಕ್ಕಾಗಿ ಮಾತು ಬದಲಿಸಿದವರನ್ನೂ ಒಂದೇ ಹೀಗಳಿಕೆಯ ಪದದಿಂದ ಕರೆದರೆ, ಇವರಿಬ್ಬರನ್ನು ಬೇರ್ಪಡಿಸಿ ನೋಡುವ ಅವಕಾಶವನ್ನೇ ಓದುಗರಿಂದ ಕಿತ್ತುಕೊಂಡಂತಾಗುತ್ತದೆ. ಯಾಕೆ ಬದಲಿಸಿದರು ಎಂಬುದನ್ನು ಕ್ರಿಯಾಪದದಲ್ಲಿ ಅಡಗಿಸದೆ ಮುಂದಿನ ವಾಕ್ಯದಲ್ಲಿ ಬಿಡಿಸಿ ಬರೆಯಿರಿ.

ಪ್ರಶ್ನೆ: ಈ ಪದಗಳ ಆರಂಭವನ್ನು ಕೆಲವರು ‘ರೀ’ ಎಂದೂ ಕೆಲವರು ‘ರಿ’ ಎಂದೂ ಉಚ್ಚರಿಸುತ್ತಾರೆ. ಯಾವುದು ಸರಿ?

ಉತ್ತರ: ಪದವನ್ನು ಅವಲಂಬಿಸಿ ಎರಡೂ ಸರಿ. ‘ಮತ್ತೆ’ ಎಂಬ ಅರ್ಥ ಇನ್ನೂ ಸ್ಪಷ್ಟವಾಗಿ ಕೇಳಿಸುವ ರೀಥಿಂಕ್, ರೀಕನ್ಸಿಡರ್, ರೀಅಸೆಸ್, ರೀವಿಸಿಟ್ ಪದಗಳಲ್ಲಿ ಸಾಮಾನ್ಯವಾಗಿ ದೀರ್ಘ. ರಿವೈಸ್, ರಿವ್ಯೂ, ರಿಟ್ರ್ಯಾಕ್ಟ್, ರಿಕ್ಯಾಂಟ್‌ಗಳಲ್ಲಿ ಆ ಅರ್ಥ ಪದದೊಳಗೆ ಕರಗಿಹೋಗಿರುವುದರಿಂದ ಹ್ರಸ್ವ. ರೀಥಿಂಕ್ ನಾಮಪದವಾದಾಗ, ಅಂದರೆ ‘ಹ್ಯಾವ್ ಎ ರೀಥಿಂಕ್’ ಎನ್ನುವಾಗ ಒತ್ತು ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ.

ಪ್ರಶ್ನೆ: ನನ್ನ ಅರ್ಜಿಯನ್ನು ಸಂಸ್ಥೆಯೊಂದು ತಿರಸ್ಕರಿಸಿದೆ. ಮತ್ತೆ ಯೋಚಿಸಿ ಎಂದು ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಾಗಿದೆ. ‘ಪ್ಲೀಸ್ ರೀಥಿಂಕ್ ಯುವರ್ ಡಿಸಿಷನ್’ ಎಂದು ಬರೆದರೆ ಸಾಕೇ?

ಉತ್ತರ: ವ್ಯಾಕರಣದಲ್ಲಿ ದೋಷವಿಲ್ಲ, ಧಾಟಿಯಲ್ಲಿದೆ. ರೀಥಿಂಕ್ ಎಂಬುದು ಬುಡದಿಂದ ಯೋಚಿಸುವುದನ್ನು ಹೇಳುವ ಪದವಾದ್ದರಿಂದ, ತಿರಸ್ಕರಿಸಿದವರಿಗೆ ನೇರವಾಗಿ ಹಾಗೆ ಬರೆದರೆ ಅವರು ಸರಿಯಾಗಿ ಯೋಚಿಸಲೇ ಇಲ್ಲವೆಂದು ದೂರಿದಂತೆ ಕೇಳುತ್ತದೆ. ‘ರಿವೈಸ್ ಯುವರ್ ಡಿಸಿಷನ್’ ಎಂದರೆ ಬದಲಾವಣೆಯನ್ನೇ ಆಜ್ಞಾಪಿಸಿದಂತೆ. ‘ರಿವ್ಯೂ’ ಎಂದರೆ ನೋಡಿ ಅದೇ ಉತ್ತರ ಕೊಡಲು ದಾರಿ ಬಿಟ್ಟಂತೆ, ಆದರೆ ಲೆಕ್ಕದಲ್ಲೋ ದಾಖಲೆಯಲ್ಲೋ ದೋಷವಾಗಿದೆ ಎಂಬ ಕಾರಣಕ್ಕೆ ಬರೆಯುತ್ತಿದ್ದರೆ ಅದೇ ಸರಿಯಾದ ಪದ. ತಮ್ಮ ಸಂದರ್ಭದಲ್ಲಿ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ವುಡ್ ರೀಕನ್ಸಿಡರ್ ಮೈ ಅಪ್ಲಿಕೇಷನ್’ ಎಂಬುದು ಉಚಿತ. ಇದರಲ್ಲಿ ‘ಡಿಸಿಷನ್’ ಎಂಬ ಪದದ ಬದಲು ‘ಅಪ್ಲಿಕೇಷನ್’ ಇರುವುದನ್ನು ಗಮನಿಸಿ: ಅವರ ತೀರ್ಮಾನದ ಮೇಲೆ ಬೆರಳಿಡದೆ ತಮ್ಮ ಅರ್ಜಿಯ ಕಡೆಗೆ ಅವರ ಗಮನವನ್ನು ತಿರುಗಿಸುವ ವಾಕ್ಯ ಅದು. ಅದರ ಬೆನ್ನಿಗೇ, ‘ಇನ್ ದ ಲೈಟ್ ಆಫ್’ ಎಂದು ಆರಂಭಿಸಿ, ಮೊದಲ ಬಾರಿ ಅವರ ಮುಂದೆ ಇಲ್ಲದಿದ್ದ ದಾಖಲೆ ಅಥವಾ ಮಾಹಿತಿ ಯಾವುದೆಂದು ಒಂದೆರಡು ವಾಕ್ಯಗಳಲ್ಲಿ ತಿಳಿಸಿ. ಹೊಸದೇನನ್ನೂ ಕೊಡದೆ ಮತ್ತೆ ಯೋಚಿಸಿ ಎಂದು ಕೇಳುವ ಪತ್ರಕ್ಕೆ ಹಳೆಯ ಉತ್ತರವೇ ಬರುವ ಸಂಭವ ಹೆಚ್ಚು.